ಬೆರಳುದ್ದದ ಕೆತ್ತನೆಯ ಮಂಚ, ಕುರ್ಚಿ, ಉಯ್ಯಾಲೆ: ಶೈಲಿ, ಪ್ರಮಾಣ, ಮರ, ಉಳಿಗಳನ್ನು ಆರಿಸಿಕೊಳ್ಳುವ ಬಗೆ

ತುಮಕೂರಿನಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ಪರಿಚಿತರ ಮನೆಗಳಿಗೆ ಬೆರಳುದ್ದದ ಮಂಚ, ಉಯ್ಯಾಲೆ, ಕುರ್ಚಿ, ವ್ಯಾಸಪೀಠಗಳನ್ನು ಮಾಡಿಕೊಡಲು ತೊಡಗಿ ನನಗೆ ಹಲವು ವರ್ಷಗಳಾದವು. ಈ ಕೆಲಸ ಕಲಿಯಬೇಕೆಂದು ಬರುವವರು ಹೆಚ್ಚುಕಡಿಮೆ ಎಲ್ಲರೂ ಕೈಯಲ್ಲಿ ಒಂದು ತುಂಡು ತೇಗವನ್ನು ಹಿಡಿದುಕೊಂಡೇ ಬರುತ್ತಾರೆ. ಬಾಗಿಲು ಮಾಡಿಸಿದಾಗ ಮಿಕ್ಕಿದ್ದೋ ಅಜ್ಜಿಯ ಮಂಚದಿಂದ ಕಳಚಿಕೊಂಡದ್ದೋ ಆದ ಆ ತುಂಡನ್ನು ಮುಂದಿಟ್ಟು, ಇದರಲ್ಲಿ ಏನು ಮಾಡಬಹುದು ಎಂದು ಕೇಳುತ್ತಾರೆ. ನನ್ನ ಅನುಭವದಲ್ಲಿ ಮರದಿಂದ ಆರಂಭವಾದ ಕೆಲಸ ಅರ್ಧದಲ್ಲೇ ನಿಲ್ಲುತ್ತದೆ. ಮೊದಲು ಯಾವ ವಸ್ತು, ಯಾವ ಕಾಲದ ಶೈಲಿ ಎಂಬುದನ್ನು ನಿಶ್ಚಯಿಸಬೇಕು. ಆ ವಸ್ತುವಿನ ಕೆತ್ತನೆಯಲ್ಲಿ ಅತಿ ಸಣ್ಣ ಗೆರೆ ಯಾವುದೆಂದು ಹುಡುಕಬೇಕು. ಆ ಗೆರೆ ಪ್ರಮಾಣವನ್ನು ಹೇಳುತ್ತದೆ, ಪ್ರಮಾಣ ಮರವನ್ನು ಹೇಳುತ್ತದೆ, ಮರ ಉಳಿಯನ್ನು ಹೇಳುತ್ತದೆ. ಈ ಬರಹದಲ್ಲಿ ಆಯ್ಕೆಗಳನ್ನು ಅದೇ ಕ್ರಮದಲ್ಲಿ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡುತ್ತೇನೆ.

ಯಾವ ಕಾಲದ ಶೈಲಿ

ನಮ್ಮ ಸುತ್ತಮುತ್ತಲಿನವರಿಗೆ ಸುಲಭವಾಗಿ ಎಟುಕುವ ಹಳೆಯ ಶೈಲಿಗಳು ನಾಲ್ಕು. ಮೊದಲನೆಯದು ದೇವಾಲಯದ ಕಂಬಗಳಿಂದ ಎತ್ತಿಕೊಂಡ ವಿಜಯನಗರ ಕಾಲದ ಅಲಂಕಾರ. ಆ ಕಾಲದ ಮರದ ಪೀಠೋಪಕರಣ ನಮಗೆ ನೋಡಲು ಸಿಗುವುದಿಲ್ಲವೆಂದೇ ಹೇಳಬೇಕು, ಹಾಗಾಗಿ ಕಲ್ಲಿನಲ್ಲಿ ಉಳಿದ ಪದ್ಮದಳ, ಬಳ್ಳಿ, ಸಿಂಹದಂಥ ಕಲ್ಪಿತ ಪ್ರಾಣಿಯಾದ ಯಾಳಿ, ಕಂಬದ ತಲೆಯ ಚಾಚಾದ ಬೋದಿಗೆ ಇವುಗಳನ್ನು ಮಂಟಪಕ್ಕೂ ಉಯ್ಯಾಲೆಯ ಕಂಬಕ್ಕೂ ಅಳವಡಿಸುವುದು ನಾವು ತೆಗೆದುಕೊಳ್ಳುವ ಸ್ವಾತಂತ್ರ್ಯ. ಅದನ್ನು ಆ ಕಾಲದ ಪ್ರತಿಕೃತಿ ಎಂದು ಕರೆಯಬಾರದು. ಮಾದರಿಗಳಿಗೆ ಮಾತ್ರ ಕೊರತೆಯಿಲ್ಲ. ಚಿಕ್ಕಬಳ್ಳಾಪುರದ ಪಕ್ಕದ ನಂದಿಯ ಭೋಗನಂದೀಶ್ವರ ದೇವಾಲಯದ ಕಪ್ಪು ಕಲ್ಲಿನ ಕಲ್ಯಾಣ ಮಂಟಪ, ಕೋಲಾರದ ಸೋಮೇಶ್ವರ, ಮುಳಬಾಗಿಲಿನ ಬಳಿಯ ಕುರುಡುಮಲೆ, ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಒಂದು ಬೆಳಗ್ಗೆ ಕಾಗದ ಪೆನ್ಸಿಲು ಹಿಡಿದು ಕುಳಿತರೆ ವರ್ಷಕ್ಕಾಗುವಷ್ಟು ವಿನ್ಯಾಸ ಸಿಗುತ್ತದೆ. ಕಲಿಯುವವರಿಗೆ ಈ ಶೈಲಿಯ ದೊಡ್ಡ ಅನುಕೂಲವೆಂದರೆ ಅಲಂಕಾರದ ಪುನರಾವರ್ತನೆ. ನಾಲ್ಕು ಸೆಂಟಿಮೀಟರ್ ಅಗಲದ ಪದ್ಮದಳ ಹನ್ನೆರಡನೇ ಒಂದಕ್ಕೆ ಇಳಿದಾಗ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚಾಗುತ್ತದೆ, ಅದನ್ನು ಅಳುಕಿಲ್ಲದೆ ಕೆತ್ತಬಹುದು, ಮತ್ತು ಒಂದು ದಳ ಕೆಟ್ಟರೂ ಸಾಲಿನಲ್ಲಿ ಮರೆಯಾಗುತ್ತದೆ.

ಎರಡನೆಯದು ಹದಿನೆಂಟನೇ ಶತಮಾನದ ಕೊನೆಯ ಹೈದರ್–ಟಿಪ್ಪು ಕಾಲದ ಮರಗೆಲಸ. ಬೆಂಗಳೂರಿನ ಕೋಟೆಯ ಪಕ್ಕದಲ್ಲಿ 1791ರಲ್ಲಿ ಪೂರ್ಣಗೊಂಡ ಅರಮನೆಯ ತೇಗದ ಕಂಬಗಳು, ಎಸಳೆಸಳಾಗಿ ಕತ್ತರಿಸಿದ ಕಮಾನುಗಳು ಇದರ ಒಳ್ಳೆಯ ಪಾಠ. ಹೈದರಾಲಿ ಹುಟ್ಟಿದ ಬೂದಿಕೋಟೆ ಕೋಲಾರ ಜಿಲ್ಲೆಯಲ್ಲೇ ಇರುವುದರಿಂದ ಇದನ್ನು ನಮ್ಮ ಊರಿನ ಶೈಲಿ ಎಂದುಕೊಳ್ಳುವವರೂ ಇದ್ದಾರೆ. ಇಲ್ಲಿ ಕೆತ್ತನೆಗಿಂತ ಕತ್ತರಿಸುವಿಕೆ ಹೆಚ್ಚು: ಕಮಾನಿನ ಎಸಳು ಸರಿಯಾಗಿ ಬಂದರೆ ಮುಕ್ಕಾಲು ಕೆಲಸ ಮುಗಿದಂತೆ. ದಿವಾನ, ಬಾಗಿಲ ಮಂಟಪ, ಗೂಡಿನ ಕಪಾಟು ಮಾಡಬಯಸುವವರಿಗೆ ಇದು ತಕ್ಕದ್ದು.

ಮೂರನೆಯದು ಅದೇ ಶತಮಾನದ ಇಂಗ್ಲೆಂಡಿನ ಶೈಲಿ, ಮುಖ್ಯವಾಗಿ ಥಾಮಸ್ ಚಿಪ್ಪೆಂಡೇಲ್ 1754ರಲ್ಲಿ ಪ್ರಕಟಿಸಿದ ನಕ್ಷೆಗಳಿಂದ ಪ್ರಸಿದ್ಧವಾದ ಕುರ್ಚಿಗಳು, ಮತ್ತು ಅದಕ್ಕೂ ಮೊದಲೇ ರೂಢಿಯಲ್ಲಿದ್ದ ಬಾಗುಗಾಲು, ಚೆಂಡು ಹಿಡಿದ ಉಗುರಿನ ಪಾದ. ಜಗತ್ತಿನಾದ್ಯಂತ ಚಿಕ್ಕ ಪೀಠೋಪಕರಣ ಮಾಡುವವರು ಹೆಚ್ಚಾಗಿ ಹಿಡಿದಿರುವುದು ಇದನ್ನೇ, ಏಕೆಂದರೆ ಅಳತೆಯ ನಕ್ಷೆಗಳು ಧಾರಾಳವಾಗಿ ದೊರೆಯುತ್ತವೆ. ಎಡ್ವಿನ್ ಲಟ್ಯೆನ್ಸ್, ನಮ್ಮ ದೆಹಲಿಯನ್ನು ರೂಪಿಸಿದ ಅದೇ ವಾಸ್ತುಶಿಲ್ಪಿ, 1921ರಿಂದ 1924ರವರೆಗೆ ರಾಣಿ ಮೇರಿಗಾಗಿ ಕಟ್ಟಿಸಿದ ಬೊಂಬೆಮನೆಯೂ, ಚಿಕಾಗೋದ ಕಲಾ ಸಂಸ್ಥೆಯಲ್ಲಿರುವ 68 ಥಾರ್ನ್ ಕೋಣೆಗಳೂ ಅಡಿಗೆ ಒಂದು ಇಂಚಿನ ಪ್ರಮಾಣದವು. ಅವುಗಳ ಚಿತ್ರಗಳನ್ನು ನೋಡಿಯೇ ನಮ್ಮಲ್ಲಿ ಅನೇಕರಿಗೆ ಈ ಹುಚ್ಚು ಹತ್ತಿದ್ದು. ಆದರೆ ಹೊಸಬರಿಗೆ ನಾಲ್ಕರಲ್ಲಿ ಅತ್ಯಂತ ಕಠಿಣವಾದದ್ದು ಇದೇ. ಅದರ ಕಾರಣವನ್ನು ಪ್ರಮಾಣದ ಮಾತು ಬಂದಾಗ ಹೇಳುತ್ತೇನೆ.

ನಾಲ್ಕನೆಯದು ಕೋಲಾರ ಚಿನ್ನದ ಗಣಿಯಂಥ ಕಡೆಗಳ ಬಂಗಲೆಗಳಲ್ಲಿ ಬ್ರಿಟಿಷರ ಕಾಲದಲ್ಲಿ ಬಳಕೆಯಲ್ಲಿದ್ದ ಬೆತ್ತದ ಆರಾಮಕುರ್ಚಿ, ಉದ್ದ ತೋಳಿನ ಒರಗುಕುರ್ಚಿ, ಮಡಚುವ ಮೇಜು. ಕೆತ್ತನೆ ಬಹಳ ಕಡಿಮೆ, ಅನುಪಾತವೇ ಎಲ್ಲ. ಉಳಿ ಹಿಡಿದು ಅಭ್ಯಾಸವಿಲ್ಲದವರು ಇಲ್ಲಿಂದ ಆರಂಭಿಸಿದರೆ ನಾನು ಬೇಡವೆನ್ನುವುದಿಲ್ಲ, ಕೆತ್ತನೆಯೇ ಬೇಕೆಂದು ಬಂದವರಿಗೆ ಮಾತ್ರ ಇದು ಸಪ್ಪೆಯೆನಿಸಬಹುದು.

ಅತಿ ಸಣ್ಣ ಗೆರೆಯಿಂದ ಪ್ರಮಾಣಕ್ಕೆ

ಬಳಕೆಯಲ್ಲಿರುವ ಪ್ರಮಾಣಗಳು ಮುಖ್ಯವಾಗಿ ಮೂರು: 1:6, 1:12, 1:24. ನಿಜದ ಕುರ್ಚಿಯ ಆಸನ ನೆಲದಿಂದ 43 ಸೆಂಟಿಮೀಟರ್ ಎತ್ತರವಿದ್ದರೆ ಅದು ಈ ಮೂರರಲ್ಲಿ ಕ್ರಮವಾಗಿ 72, 36 ಮತ್ತು 18 ಮಿಲಿಮೀಟರ್ ಆಗುತ್ತದೆ. ಇಷ್ಟು ಲೆಕ್ಕ ಎಲ್ಲರೂ ಮಾಡುತ್ತಾರೆ. ಮಾಡದೆ ಬಿಡುವುದು ಕೆತ್ತನೆಯ ಲೆಕ್ಕವನ್ನು. ಚೆಂಡು ಹಿಡಿದ ಪಾದವನ್ನೇ ತೆಗೆದುಕೊಳ್ಳಿ. ನಿಜದಲ್ಲಿ ಅದು ಸುಮಾರು ಏಳೂವರೆ ಸೆಂಟಿಮೀಟರ್ ಅಗಲ, ಒಂದೊಂದು ಬೆರಳು ಒಂದೂವರೆ ಸೆಂಟಿಮೀಟರ್, ಬೆರಳಿನ ಗಿಣ್ಣುಗಳ ನಡುವಿನ ಗೆರೆ ಮೂರು ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. 1:12ರಲ್ಲಿ ಪಾದ ಆರು ಮಿಲಿಮೀಟರ್, ಅಂದರೆ ಒಂದು ಕಡಲೆಕಾಳಿಗಿಂತ ದೊಡ್ಡದಲ್ಲ. ಬೆರಳು ಒಂದೂಕಾಲು ಮಿಲಿಮೀಟರ್. ಗಿಣ್ಣಿನ ಗೆರೆ ಕಾಲು ಮಿಲಿಮೀಟರ್. ನನ್ನ ಕೈಗೆ ಕಾಲು ಮಿಲಿಮೀಟರ್ ಕೊನೆಯ ಗಡಿ. ಅದಕ್ಕಿಂತ ಕಿರಿದಾದ ಗೆರೆ ಮರದಲ್ಲಿ ಗೆರೆಯಾಗಿ ನಿಲ್ಲುವುದಿಲ್ಲ, ಗೀರಾಗಿ ಕಾಣುತ್ತದೆ. ಹೀಗಾಗಿ ಅದೇ ಪಾದ 1:24ರಲ್ಲಿ ಬೇಕೆಂದರೆ ಗಿಣ್ಣುಗಳನ್ನು ಬಿಟ್ಟು ಉಬ್ಬನ್ನಷ್ಟೇ ಸೂಚಿಸಬೇಕು. ಕೆತ್ತನೆಗಾಗಿಯೇ ಈ ಕೆಲಸಕ್ಕೆ ಬಂದವರಿಗೆ ಅದು ತೃಪ್ತಿ ಕೊಡದು.

ಹೀಗೆ ನೋಡಿದರೆ ಪದ್ಮದಳದ ಉಯ್ಯಾಲೆ 1:12ರಲ್ಲಿ ಆರಾಮವಾಗಿ ಬರುತ್ತದೆ, ಚಿಪ್ಪೆಂಡೇಲ್ ಕುರ್ಚಿ 1:12ರಲ್ಲಿ ಕಷ್ಟಪಟ್ಟು ಬರುತ್ತದೆ, ಯಾಳಿಯ ಮುಖವಿರುವ ಮಂಟಪ 1:6ರಲ್ಲಿ ಮಾತ್ರ ಮುಖವಾಗಿ ಕಾಣುತ್ತದೆ. ಮನೆಯಲ್ಲಿ ಈಗಾಗಲೇ ಇರುವ ಗೊಂಬೆಗೆ ತಕ್ಕಂತೆ ಮಾಡುವುದಾದರೆ ಆಯ್ಕೆ ನಿಮ್ಮ ಕೈಯಲ್ಲಿಲ್ಲ: ಗೊಂಬೆಯ ಎತ್ತರವನ್ನು 165 ಸೆಂಟಿಮೀಟರಿಗೆ ಹೋಲಿಸಿ ನೋಡಿ. ಗೊಂಬೆ 14 ಸೆಂಟಿಮೀಟರ್ ಆಸುಪಾಸಿನಲ್ಲಿದ್ದರೆ 1:12, 27 ಅಥವಾ 28 ಆಗಿದ್ದರೆ 1:6. ಕೂತ ಗೊಂಬೆಯನ್ನು ಅಳೆದು ಮೋಸಹೋಗಬೇಡಿ. ಒಮ್ಮೆ ಶೆಟ್ಟಿ ಗೊಂಬೆಗೆಂದು ಮಾಡಿದ ಗಾದಿಪೀಠ ಆತನ ಸೊಂಟಕ್ಕೂ ಸಾಲದೆ ಹೋಯಿತು.

1:10ರ ಬಗ್ಗೆ ಕೇಳುವವರಿದ್ದಾರೆ. ಲೆಕ್ಕ ಸುಲಭವೆಂಬುದು ನಿಜ, ಆದರೆ ಕೊಂಡು ತರುವ ಕೀಲು, ಹಿಡಿ, ಬೀಗಗಳೆಲ್ಲ 1:12ರವೇ ಆಗಿರುವುದರಿಂದ ಕೊನೆಯಲ್ಲಿ ಪೆಟ್ಟಿಗೆಗೆ ಚಿಕ್ಕ ಬೀಗ ಹಾಕಿದಂತೆ ಕಾಣುತ್ತದೆ.

ಪ್ರಮಾಣದ ಜೊತೆ ಇನ್ನೊಂದು ಸಂಗತಿ ಬರುತ್ತದೆ, ಅದು ತೂಕ. ಉದ್ದ ಹನ್ನೆರಡು ಪಟ್ಟು ಕಡಿಮೆಯಾದಾಗ ಗಾತ್ರ 1728 ಪಟ್ಟು ಕಡಿಮೆಯಾಗುತ್ತದೆ. ಆರಡಿ ಉಯ್ಯಾಲೆಯ ಮಣೆ ನಿಜದಲ್ಲಿ ತನ್ನ ಭಾರದಿಂದಲೇ ಸರಪಳಿಯನ್ನು ಬಿಗಿಯಾಗಿ ಎಳೆದು ನಿಲ್ಲುತ್ತದೆ. ಹದಿನೈದು ಸೆಂಟಿಮೀಟರಿನ ಮಣೆಗೆ ಆ ಭಾರವಿರುವುದಿಲ್ಲ, ಹಿತ್ತಾಳೆಯ ಸರಪಳಿ ಸೊಟ್ಟಗೆ ನಿಂತು ಮಣೆ ಒಂದು ಮೂಲೆ ಎತ್ತಿಕೊಂಡು ತೇಲುತ್ತಿರುವಂತೆ ಕಾಣುತ್ತದೆ. ಮಣೆಯ ಅಡಿಯಲ್ಲಿ ಕಾಲುವೆಯಂತೆ ಕೊರೆದು, ಮೀನುಗಾರರ ಸೀಸದ ಗುಂಡನ್ನು ಚಪ್ಪಟೆ ಮಾಡಿ ಕೂರಿಸಿ, ಮೇಲೆ ತೆಳುಪಟ್ಟಿ ಅಂಟಿಸಿದರೆ ತೊಂದರೆ ತೀರುತ್ತದೆ. 1:6ರಲ್ಲಿ ಇದು ಬೇಕಾಗುವುದಿಲ್ಲ.

ಮರ

ಈಗ ಆ ತೇಗದ ತುಂಡಿಗೆ ಬರೋಣ. ತೇಗ ಬಾಗಿಲಿಗೆ ಉತ್ತಮ, ನಿಜದ ಮಂಚಕ್ಕೆ ಉತ್ತಮ, 1:12ಕ್ಕೆ ಕೆಟ್ಟದ್ದು. ಅದರ ಒಳಗಿನ ನೀರು ಸಾಗಿಸುವ ರಂಧ್ರಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು, ಸುಮಾರು ಕಾಲು ಮಿಲಿಮೀಟರ್. ನಾವು ಕುರ್ಚಿಯನ್ನು ಹನ್ನೆರಡು ಪಟ್ಟು ಕುಗ್ಗಿಸುತ್ತೇವೆ, ಮರದ ರಂಧ್ರ ಮಾತ್ರ ಕುಗ್ಗುವುದಿಲ್ಲ. ನೋಡುವ ಕಣ್ಣು ಅದನ್ನು ಮೂರು ಮಿಲಿಮೀಟರಿನ ತೂತಾಗಿ ಓದುತ್ತದೆ. ಅಂದರೆ ಪುಟ್ಟ ತೇಗದ ಕುರ್ಚಿ ಹುಳ ತಿಂದ ದೊಡ್ಡ ಕುರ್ಚಿಯಂತೆ ಕಾಣುತ್ತದೆ. ಮೇಲಾಗಿ ಗಿಣ್ಣಿನ ಗೆರೆಯೂ ಕಾಲು ಮಿಲಿಮೀಟರ್, ರಂಧ್ರವೂ ಕಾಲು ಮಿಲಿಮೀಟರ್ ಆದಾಗ ಉಳಿ ಗೆರೆ ಬಿಟ್ಟು ರಂಧ್ರದ ದಾರಿ ಹಿಡಿಯುತ್ತದೆ. ನನ್ನ ಮೊದಲ ಬಾಗುಗಾಲಿನ ಕುರ್ಚಿಯನ್ನು ತೇಗದಲ್ಲೇ ಮಾಡಿದೆ. ಮೂರು ಕಾಲು ಬಂದವು. ನಾಲ್ಕನೆಯದರಲ್ಲಿ ಎರಡನೇ ಬೆರಳು ಕೆತ್ತುವಾಗ ಮೂರನೆಯದು ಉಳಿಯ ಒತ್ತಡಕ್ಕೆ ಬೆಲ್ಲದಂತೆ ಉದುರಿತು, ಅದನ್ನು ಅಂಟಿಸಿ ಮುಂದುವರಿದರೆ ಪಾದವೇ ಕಿತ್ತುಬಂತು. ಮೂರು ವಾರದ ಕೆಲಸ. ತೇಗದಲ್ಲಿರುವ ಸಿಲಿಕಾ ಉಳಿಯ ಮೊನೆಯನ್ನು ಬೇಗ ಮೊಂಡು ಮಾಡುತ್ತದೆಂಬುದನ್ನು ಆಗ ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ತೇಗವೇ ಬೇಕೆಂದರೆ ಅದನ್ನು 1:6ರ ಸಾದಾ ಪೆಟ್ಟಿಗೆಗೆ ಇಟ್ಟುಕೊಳ್ಳಿ.

ತೇಗಕ್ಕೆ ನೇರ ಎದುರಾಗಿ ನಿಲ್ಲುವುದು ಆಲೆ ಮರ, ಚನ್ನಪಟ್ಟಣದ ಗೊಂಬೆಗಳ ಮರ. ಬಿಳಿ ದಂತದ ಬಣ್ಣ, ಮಸೂರವಿಲ್ಲದೆ ಕಾಣದಷ್ಟು ಸಣ್ಣ ರಂಧ್ರ, ಯಾವ ದಿಕ್ಕಿಗೆ ಕೆತ್ತಿದರೂ ಅಷ್ಟೇನೂ ಹಟ ಮಾಡದ ಎಳೆ. ಲೇತಿನ ಮೇಲೆ ಕಡೆಯಲು ಇದಕ್ಕಿಂತ ಹಿತವಾದ ಮರ ನಮ್ಮಲ್ಲಿಲ್ಲ. ಮಂಚದ ಕಡೆದ ಕಾಲು, ತೊಟ್ಟಿಲ ಸರಳು, ಉಯ್ಯಾಲೆಯ ಕಂಬ ಎಲ್ಲಕ್ಕೂ ನಾನು ಕಣ್ಣುಮುಚ್ಚಿ ಆಲೆಯನ್ನೇ ಹೇಳುತ್ತೇನೆ. ಇದರ ದೋಷ ಎರಡು. ಮೆದುವಾದ್ದರಿಂದ ಒಂದು ಮಿಲಿಮೀಟರಿಗಿಂತ ತೆಳುವಾದ ಚಾಚು ತುದಿಗಳು, ಅಂದರೆ ಉಗುರು, ಎಲೆಯ ಮೊನೆ, ಸಂಜೆಯ ಹೊತ್ತಿಗೆ ದುಂಡಗಾಗಿಬಿಡುತ್ತವೆ. ಹಸಿಯಾಗಿ ತಂದರೆ ಬೂಷ್ಟು ಹಿಡಿದು ನೀಲಿ ಕಲೆ ಒಳಕ್ಕಿಳಿಯುತ್ತದೆ. ಒಣಗಿದೆಯೆಂದು ನಂಬಿ ಒಬ್ಬರಿಂದ ಕೊಂಡ ಒಂದು ಹೊರೆ ಹೀಗೆ ನನ್ನ ಅಟ್ಟದ ಮೇಲೆಯೇ ಹಾಳಾಯಿತು. ಈಗ ತುಂಡುಗಳಿಗೆ ಸಂಖ್ಯೆ ಬರೆದು ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗುತ್ತೇನೆ, ಸತತ ಮೂರು ವಾರ ತೂಕ ಬದಲಾಗದಿದ್ದರೆ ಮಾತ್ರ ಗರಗಸಕ್ಕೆ ಕೊಡುತ್ತೇನೆ. ದೇವರಾಯನದುರ್ಗದ ಕುರುಚಲು ಕಾಡಿನಲ್ಲಿ ಆಲೆ ಕಾಣಸಿಗುತ್ತದಲ್ಲ ಎಂದು ಕೇಳುವವರಿಗೆ ಹೇಳುವುದಿಷ್ಟು: ಅರಣ್ಯದ ಮರಕ್ಕೆ ಕೈಹಚ್ಚುವುದು ಅಪರಾಧ, ಚನ್ನಪಟ್ಟಣದಿಂದ ಕೊಂಡು ತನ್ನಿ.

ಉಗುರಿನ ಪಾದಕ್ಕೆ, ತೆಳು ಬಳ್ಳಿಗೆ ಮತ್ತೇನು ಎಂದರೆ, ನನ್ನ ಉತ್ತರ ಹಣ್ಣಿನ ತೋಟದಲ್ಲಿದೆ. ಸೀಬೆ ಮರದ ಕೊಂಬೆ ಗಟ್ಟಿ, ಒತ್ತಾದ ಎಳೆ, ನಸುಗೆಂಪು ಛಾಯೆ. ಉಳಿ ಹೋದ ದಾರಿ ಕೊಂಬಿನ ಮೇಲೆ ಹೋದಂತೆ ಹೊಳೆಯುತ್ತದೆ. ಸಪೋಟವೂ ಇದೇ ಜಾತಿಯ ಸ್ವಭಾವದ್ದು, ಬಣ್ಣ ಇನ್ನೂ ಕಂದು, ಗಟ್ಟಿತನ ಇನ್ನೂ ಹೆಚ್ಚು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ನಮ್ಮ ಮೂರೂ ಜಿಲ್ಲೆಗಳಲ್ಲಿ ಇವುಗಳ ತೋಟಗಳಿವೆ, ಸವರುವ ಕಾಲದಲ್ಲಿ ತೋಳು ಗಾತ್ರದ ಕೊಂಬೆಗಳನ್ನು ಸೌದೆಗೆ ಹಾಕುವ ಮೊದಲು ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಇಷ್ಟು ಸುಲಭವಾಗಿ ಸಿಗುವುದಕ್ಕೆ ಬೆಲೆ ತೆರಬೇಕಾದದ್ದು ಒಣಗಿಸುವಾಗ: ಸೀಬೆ ಬಹಳ ಸೀಳುತ್ತದೆ. ತಂದ ದಿನವೇ ಕೊಂಬೆಯ ಎರಡೂ ತುದಿಗಳಿಗೆ ಕರಗಿಸಿದ ಮೇಣ ಬಳಿದು, ನಡುವಿನ ತಿರುಳು ಒಡೆಯುವಂತೆ ಉದ್ದಕ್ಕೆ ಎರಡು ಹೋಳು ಮಾಡಿ, ನೆರಳಿನಲ್ಲಿ ಮಲಗಿಸಬೇಕು. ಹತ್ತು ಕೊಂಬೆಯಲ್ಲಿ ನಾಲ್ಕು ದಕ್ಕಿದರೆ ನಾನು ಲಾಭವೆಂದೇ ಎಣಿಸುತ್ತೇನೆ, ಏಕೆಂದರೆ ಒಂದು ಕುರ್ಚಿಗೆ ಬೇಕಾಗುವ ಮರ ಒಂದು ಹಿಡಿಗಿಂತ ಹೆಚ್ಚಲ್ಲ.

ಅರಿಶಿನ ತೇಗ ಹೆಸರಿನಲ್ಲಷ್ಟೇ ತೇಗ. ಅದರ ಹಳದಿ ಮರ ನಯವಾದ ಸಮ ಎಳೆಯದು, ಕೆತ್ತನೆಗೆ ಬಹಳ ಒಳ್ಳೆಯದು, ಮರದಂಗಡಿಯಲ್ಲಿ ಕಂಡರೆ ಬಿಡಬೇಡಿ. ಶಿವನೆ ಹಗುರ, ಒಣಗಿದ ಮೇಲೆ ಸೊಟ್ಟಗಾಗುವುದು ಕಡಿಮೆ, ಆದರೆ ರಂಧ್ರಗಳು ಕಾಣುವುದರಿಂದ 1:6ರ ಮಂಟಪಕ್ಕೆ ಸರಿ, 1:12ಕ್ಕೆ ಅಲ್ಲ. ಹಲಸು ವೀಣೆಗೆ ಇರಲಿ. ಬೆಂಗಳೂರಿನಿಂದ ತರುವ ಬೀಚ್ ಮರ ಎಲ್ಲ ಕಾಲದಲ್ಲೂ ಸಿಗುವ, ಒಣಗಿಸಿಯೇ ಬರುವ, ಸಾಧಾರಣ ಕೆತ್ತನೆಗೆ ಒಗ್ಗುವ ನಡುದಾರಿ. ಮಳೆಗಾಲದಲ್ಲಿ ಅದು ಊದಿ ಪೆಟ್ಟಿಗೆಯ ಮುಚ್ಚಳ ಬಿಗಿಯುತ್ತದೆ ಎಂಬುದನ್ನು ಬಲ್ಲವರು ಸಂದು ಬಿಟ್ಟು ಮಾಡುತ್ತಾರೆ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಬೇಡ. ಅದರ ಮೆದು ಪಟ್ಟಿ ಅಮುಕಿಹೋಗುತ್ತದೆ, ಗಟ್ಟಿ ಪಟ್ಟಿ ಉಳಿಯನ್ನು ಪಕ್ಕಕ್ಕೆ ತಳ್ಳುತ್ತದೆ.

ಇನ್ನು ಬೆಲೆಬಾಳುವ ಮೂರು. ಶ್ರೀಗಂಧ ಕೆತ್ತನೆಗೆ ಎಲ್ಲಕ್ಕಿಂತ ಮೇಲು, ಸಾಗರ ಸೊರಬಗಳ ಗುಡಿಗಾರರ ಕುಸುರಿ ನೋಡಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಆದರೆ ಸ್ವಂತ ಹೊಲದ ಗಂಧದ ಮರವಾದರೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ರಸೀದಿಯಿಲ್ಲದ ತುಂಡು ಎಷ್ಟೇ ಚಿಕ್ಕದಾದರೂ ಮನೆಗೆ ತರಬಾರದು. ರಕ್ತಚಂದನಕ್ಕೂ ಇದೇ ಮಾತು, ಆಂಧ್ರದ ಗಡಿಗೆ ಹತ್ತಿಕೊಂಡಿರುವ ಕೋಲಾರದ ಕಡೆಯವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಬೀಟೆಯ ಚೂರುಗಳು ಹಳೆಯ ಪೀಠೋಪಕರಣಗಳಿಂದ ದೊರೆಯುತ್ತವೆ, ಆದರೆ 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರ ಅಪಾಯದಲ್ಲಿರುವ ಸಸ್ಯ, ಪ್ರಾಣಿಗಳ ವ್ಯಾಪಾರದ ಕುರಿತ ಸೈಟಿಸ್ ಒಪ್ಪಂದದ ಹತೋಟಿಯಲ್ಲಿರುವುದರಿಂದ, ವಿದೇಶದಲ್ಲಿರುವ ಮಗಳಿಗೆ ಕಳಿಸುವ ಉಡುಗೊರೆಗೆ ಬೀಟೆಯನ್ನು ಆರಿಸುವ ಮೊದಲು ನಿಯಮಗಳನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ಬೀಟೆಯ ರಂಧ್ರಗಳೂ ದೊಡ್ಡವು, ಕೆತ್ತನೆಗೆ ನಾನು ಅದನ್ನು ಬಳಸುವುದಿಲ್ಲ; ಮೈಸೂರಿನ ಕೂರಿಕೆಲಸದ, ಅಂದರೆ ಮರದಲ್ಲಿ ಬೇರೆ ಬಣ್ಣದ ಚಕ್ಕೆ ಕೂರಿಸುವ ಕೆಲಸದ, ಮಾದರಿಯಲ್ಲಿ ಕಪ್ಪು ನೆಲವಾಗಿ ಬಳಸುತ್ತೇನೆ. ಹಿಂದೆ ಆ ನೆಲದ ಮೇಲೆ ದಂತ ಕೂರಿಸುತ್ತಿದ್ದರು, ಈಗ ಅದು ನಿಷಿದ್ಧ. ಆಲೆಯ ತೆಳು ಚಕ್ಕೆ ಆ ಜಾಗದಲ್ಲಿ ಕೂತರೆ 1:12ರಲ್ಲಿ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಯಾವ ಮರವೇ ಆಗಲಿ, ಕೆತ್ತುವ ಮೊದಲು ಒಂದು ಪರೀಕ್ಷೆಯಿದೆ. ತುಮಕೂರಿನ ಪಕ್ಕದ ಕೈದಾಳದವರೆಗೂ ಹರಡಿರುವ ಜಕಣಾಚಾರಿಯ ಐತಿಹ್ಯದಲ್ಲಿ ವಿಗ್ರಹಕ್ಕೆ ಗಂಧ ಬಳಿದಾಗ ಹೊಟ್ಟೆಯ ಭಾಗವೊಂದು ಒಣಗದೆ ಉಳಿದು, ಒಳಗೆ ಕಪ್ಪೆಯಿರುವುದು ಬಯಲಾಗುತ್ತದೆ. ನಾವು ಗಂಧದ ಬದಲು ಸ್ಪಿರಿಟ್ ಬಳಿಯುತ್ತೇವೆ. ಉಜ್ಜಿದ ತುಂಡಿನ ಮೇಲೆ ಸ್ಪಿರಿಟ್ ಒರೆಸಿ ಬೆಳಕಿಗೆ ಹಿಡಿದರೆ ಮೈಯೆಲ್ಲ ಅರೆನಿಮಿಷದಲ್ಲಿ ಒಣಗುತ್ತದೆ. ಕೂದಲೆಳೆಯ ಬಿರುಕೋ ಹುಳದ ಸುರಂಗವೋ ಇದ್ದರೆ ಅಲ್ಲಿ ಮಾತ್ರ ಕಪ್ಪು ಗೆರೆ ಉಳಿಯುತ್ತದೆ. ಎರಡು ಮಿಲಿಮೀಟರಿನ ಕಾಲಿನಲ್ಲಿ ಅಂಥ ಗೆರೆಯಿದ್ದರೆ ಅದು ನಾಳೆ ಮುರಿಯುವ ಕಾಲು.

ಕೈಯುಳಿಯೋ, ತಿರುಗುವ ಬರ್ರೋ

ಹೊಸಬರಿಗೆ ಹೆಚ್ಚು ಗೊಂದಲವಾಗುವುದು ಇಲ್ಲಿ. ನಿಮಿಷಕ್ಕೆ ಮೂವತ್ತು ಸಾವಿರ ಸುತ್ತಿನ ಮಾತು ಹೇಳುವ ಜಾಹೀರಾತು ನೋಡಿ ರೋಟರಿ ಯಂತ್ರ ಕೊಳ್ಳುತ್ತಾರೆ, ಕೊಂಡ ಮೇಲೆ ಕೆತ್ತನೆ ಏಕೆ ಸಾಬೂನಿನಂತೆ ಕಾಣುತ್ತದೆ ಎಂದು ಕೇಳುತ್ತಾರೆ. ಆ ಯಂತ್ರದ ತುದಿಯಲ್ಲಿ ತಿರುಗುವ ಹಲ್ಲಿನ ಮೊನೆಯಾದ ಬರ್ ಮರವನ್ನು ಅರೆಯುತ್ತದೆ, ಉಳಿ ಕತ್ತರಿಸುತ್ತದೆ. ಅರೆದ ಮೈ ಎಷ್ಟು ನಯವಾದರೂ ಅದರ ಅಂಚು ದುಂಡಗಿರುತ್ತದೆ, ಕತ್ತರಿಸಿದ ಅಂಚಿನಲ್ಲಿ ನೆರಳು ನಿಲ್ಲುತ್ತದೆ. ಚಿಕ್ಕ ಕೆತ್ತನೆ ಕಣ್ಣಿಗೆ ಕಾಣುವುದೇ ನೆರಳಿನಿಂದ. ಆದ್ದರಿಂದ ಪದ್ಮದಳಕ್ಕೆ, ಎಲೆಗೆ, ಉಗುರಿಗೆ ಕೊನೆಯ ಗೆರೆ ಉಳಿಯದೇ ಆಗಿರಬೇಕು. ಸೀಬೆ, ಸಪೋಟಗಳಂಥ ಗಟ್ಟಿ ಮರದಲ್ಲಿ ಒರಟು ಭಾಗವನ್ನು ತೆಗೆಯಲು ಬರ್ ಬಳಸುವುದು ಬುದ್ಧಿವಂತಿಕೆ. ಆಲೆಯಲ್ಲಿ ಅದರ ಅಗತ್ಯವೇ ಇಲ್ಲ, ಬರ್ ಅದನ್ನು ನಾರುನಾರಾಗಿ ಎಬ್ಬಿಸುತ್ತದೆ.

ಯಂತ್ರ ಕೊಳ್ಳುವುದಾದರೆ ಅಕ್ಕಸಾಲಿಗರು ಬಳಸುವ, ಮೊಳೆಗೆ ನೇತುಹಾಕಿ ಬಳುಕುವ ದಂಡದಿಂದ ತಿರುಗಿಸುವ ಮೋಟಾರನ್ನು ನೋಡಿ. ಕೈಯಲ್ಲಿ ಹಿಡಿಯುವ ಭಾಗ ಪೆನ್ನಿನಷ್ಟೇ ಇರುವುದರಿಂದ ಬೆರಳು ದಣಿಯುವುದಿಲ್ಲ, ಕಾಲಿನಿಂದ ವೇಗ ತಗ್ಗಿಸಬಹುದು, ಮತ್ತು ಅದು 2.35 ಮಿಲಿಮೀಟರ್ ದಂಡದ ಬರ್ರುಗಳನ್ನು ಹಿಡಿಯುತ್ತದೆ. ದಂತ ವೈದ್ಯರ ನೇರ ಹಿಡಿಯ ಬರ್ರಿಗೂ ಅದೇ ಅಳತೆ. ಸಾಮಾನ್ಯ ಹವ್ಯಾಸಿ ಯಂತ್ರಗಳು 3.2 ಮಿಲಿಮೀಟರಿನವು, ಅವುಗಳಿಗೆ ಬೇರೆ ಹಿಡಿಕೊಳವೆ ಬೇಕಾಗುತ್ತದೆ. ಎರಡರಲ್ಲಿ ಯಾವುದೇ ಆಗಲಿ, ಹಿಟ್ಟಿನಂಥ ಧೂಳು ಶ್ವಾಸಕೋಶಕ್ಕೆ ಇಳಿಯುತ್ತದೆ, ಬೀಟೆಯ ಧೂಳು ಕೆಲವರಿಗೆ ಮೈ ತುರಿಕೆ ತರುತ್ತದೆ. ಎನ್95 ಮುಖಗವಸು ಧರಿಸದೆ ಗುಂಡಿ ಒತ್ತಬೇಡಿ.

ಉಳಿಗಳಲ್ಲಿ ಕೊಂಡು ತಂದದ್ದಕ್ಕೂ ಮನೆಯಲ್ಲಿ ಮಾಡಿಕೊಂಡದ್ದಕ್ಕೂ ಇರುವ ಅಂತರ ಹಣದ್ದು ಮಾತ್ರವಲ್ಲ. ಎರಡು ಮಿಲಿಮೀಟರಿಗಿಂತ ಕಿರಿದಾದ ಉಳಿ ಅಂಗಡಿಯಲ್ಲಿ ಸಿಗುವುದು ವಿರಳ. ನನ್ನ ಅರ್ಧ ಮಿಲಿಮೀಟರಿನ ಚಪ್ಪಟೆ ಉಳಿ ಗೋಣಿ ಹೊಲಿಯುವ ದಬ್ಬಣದಿಂದ ಆದದ್ದು, ಒಂದು ಮಿಲಿಮೀಟರಿನ ಅರೆಗೋಲು ಉಳಿ ಹಳೆಯ ಛತ್ರಿಯ ಕಡ್ಡಿಯಿಂದ. ಛತ್ರಿಯ ಕಡ್ಡಿಗೆ ಕಾಲುವೆಯ ಆಕಾರ ಹುಟ್ಟಿನಿಂದಲೇ ಇರುತ್ತದೆ, ತುದಿಯನ್ನು ಓರೆಯಾಗಿ ಮಸೆದು ಸೀಬೆಯ ಹಿಡಿಗೆ ಹೊಡೆದರೆ ಸಾಕು. ಇದರ ಜೊತೆ ಮೂರನೇ ಸಂಖ್ಯೆಯ ಶಸ್ತ್ರಚಿಕಿತ್ಸೆಯ ಹಿಡಿ ಮತ್ತು ಅದಕ್ಕೆ ಹೊಂದುವ 11, 15ನೇ ಸಂಖ್ಯೆಯ ಬ್ಲೇಡುಗಳನ್ನು ಔಷಧದ ಅಂಗಡಿಯಿಂದ ತಂದುಕೊಳ್ಳಿ. ಚಾಚಿದ ಮೂಲೆಗೆ 11, ಬಾಗಿದ ಮೈಗೆ 15. ದಿನದ ಕೆಲಸದಲ್ಲಿ ಕಾಲು ಭಾಗ ಮಸೆಯುವುದಕ್ಕೇ ಹೋಗುತ್ತದೆ. ಚರ್ಮದ ಪಟ್ಟಿಯ ಮೇಲೆ ಹಿತ್ತಾಳೆ ಪಾಲಿಶಿನ ಪೇಸ್ಟ್ ಸವರಿ ಹತ್ತು ಗೆರೆಗೊಮ್ಮೆ ಉಳಿಯನ್ನು ಹಿಂದಕ್ಕೆ ಎಳೆಯುವ ಅಭ್ಯಾಸವಾಗದವರಿಗೆ ಈ ಕೆಲಸ ಒಗ್ಗುವುದಿಲ್ಲ.

ಕಮಾನು ಕತ್ತರಿಸಲು ಅಕ್ಕಸಾಲಿಗರ ತಂತಿ ಗರಗಸವೋ ಲೇಸರೋ ಎಂಬ ಪ್ರಶ್ನೆಗೆ ಉತ್ತರ ಶೈಲಿಯ ಮೇಲಿದೆ. ಟಿಪ್ಪು ಕಾಲದ ಒಂದೇ ಆಕಾರದ ಏಳೆಂಟು ಕಮಾನು ಬೇಕಾದರೆ ಲೇಸರ್ ಸಮಯ ಉಳಿಸುತ್ತದೆ, ಆದರೆ ಸುಟ್ಟ ಅಂಚಿನ ಕಪ್ಪನ್ನು ಸೂಜಿ ಅರದಿಂದ ಉಜ್ಜಿ ತೆಗೆಯಲೇಬೇಕು, ಇಲ್ಲವಾದರೆ ಮೆರುಗು ಹಚ್ಚಿದಾಗ ಮಸಿ ಹರಡುತ್ತದೆ. ಉಳಿಯ ಅಂಚಿರುವ ಉಬ್ಬು ಕೆತ್ತನೆಯನ್ನು ಲೇಸರ್ ಕೊಡುವುದಿಲ್ಲ. ಕೊಡುತ್ತದೆಂದು ತೋರಿಸುವುದು ಹೆಚ್ಚಾಗಿ ಸುಟ್ಟ ಚಿತ್ರ.

ಕೂಡಿಸುವುದು, ಬೆತ್ತ, ಮೆರುಗು

ಬಾಗುಗಾಲನ್ನು ಒಂದೇ ತುಂಡಿನಿಂದ ತೆಗೆದಾಗ ಕಣಕಾಲಿನ ಬಳಿ ಎಳೆ ಅಡ್ಡವಾಗಿ ತುಂಡಾಗಿರುತ್ತದೆ, ಮುರಿಯುವುದು ಅಲ್ಲೇ. ಎಳೆ ಉದ್ದಕ್ಕೆ ಹರಿಯುವಂತೆ ನಕ್ಷೆಯನ್ನು ಮರದ ಮೇಲೆ ಓರೆಯಾಗಿಟ್ಟು ನೋಡಬೇಕು. ತೋಟದ ಕೊಂಬೆಯಲ್ಲಿ ಸ್ವಭಾವದಿಂದಲೇ ಬಾಗಿದ ಭಾಗ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಕಾಲನ್ನು ಆಸನಕ್ಕೆ ಕೂಡಿಸಲು ನಿಜದ ಕಚ್ಚು ಕೊರೆಯುವುದೋ ಗೂಟ ಹಾಕುವುದೋ ಎಂಬಲ್ಲಿ ನಾನು ಗೂಟದ ಪಕ್ಷ. ಒಂದು ಮಿಲಿಮೀಟರಿನ ಕಚ್ಚು ಮರದ ಬಲವನ್ನೇ ತಿಂದುಹಾಕುತ್ತದೆ. ಗೂಟಕ್ಕೆ ಊದುಬತ್ತಿಯ ಬಿದಿರು ಕಡ್ಡಿ ಸರಿಯಾದ ವಸ್ತು, ಸುಮಾರು 1.3 ಮಿಲಿಮೀಟರ್ ದಪ್ಪ, ನೇರ ಎಳೆ. ದೇವರ ಮುಂದಿನ ಬತ್ತಿಯ ಸುಡದೆ ಉಳಿದ ತುದಿಗಳನ್ನು ನಮ್ಮ ಮನೆಯಲ್ಲಿ ಡಬ್ಬಿಯಲ್ಲಿ ಕೂಡಿಡುತ್ತೇವೆ. ಅಂಟಿಗೆ ಸಾಮಾನ್ಯ ಬಿಳಿ ಅಂಟು ಸಾಕು. ಕ್ಷಣದಲ್ಲಿ ಹಿಡಿಯುವ ಅಂಟು ಮರಕ್ಕೆ ಹೀರಿ ಕಲೆ ಮಾಡುತ್ತದೆ, ಆ ಕಲೆಯ ಮೇಲೆ ಮೆರುಗು ಕೂರುವುದಿಲ್ಲ.

ಬಂಗಲೆ ಶೈಲಿಯ ಕುರ್ಚಿಗೆ ಬೆತ್ತ ಹೆಣೆಯುವಾಗ ಹತ್ತಿದಾರವೋ ರೇಷ್ಮೆಯೋ ಎಂಬ ಆಯ್ಕೆಯಲ್ಲಿ ನಮ್ಮ ಕಡೆಯವರಿಗೆ ಅದೃಷ್ಟವಿದೆ. ಎರಡೂವರೆ ಮಿಲಿಮೀಟರಿನ ಬೆತ್ತ 1:12ರಲ್ಲಿ ಸುಮಾರು 0.2 ಮಿಲಿಮೀಟರ್ ಆಗುತ್ತದೆ. ಹತ್ತಿದಾರದಲ್ಲಿ ಎಷ್ಟು ಮೇಣ ಹಚ್ಚಿದರೂ ರೋಮ ಏಳುತ್ತದೆ. ಶಿಡ್ಲಘಟ್ಟದಲ್ಲಿ ಬಿಚ್ಚಿದ, ಇನ್ನೂ ಅಂಟು ತೆಗೆಯದ ಕಚ್ಚಾ ರೇಷ್ಮೆಯ ಹಲವು ಎಳೆಗಳನ್ನು ಹೊಸೆದರೆ ಆ ಅಂಟಿನಿಂದಲೇ ದಾರ ಸೆಟೆದು ನಿಲ್ಲುತ್ತದೆ, ಬಣ್ಣವೂ ಹಳೆಯ ಬೆತ್ತದ್ದೇ. ಅದನ್ನು ಉದ್ದ, ಅಡ್ಡ, ಮತ್ತೆ ಉದ್ದ, ಮತ್ತೆ ಅಡ್ಡ, ಎರಡು ಓರೆ ಎಂಬ ಆರು ಸುತ್ತಿನಲ್ಲಿ ಹೆಣೆದರೆ ಎಂಟು ಮೂಲೆಯ ಕಣ್ಣುಗಳು ತಾವಾಗಿ ಮೂಡುತ್ತವೆ.

ಮೆರುಗಿನಲ್ಲಿ ಮೂರು ದಾರಿ. ಚನ್ನಪಟ್ಟಣದ ರೀತಿಯಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಘರ್ಷಣೆಯ ಬಿಸಿಗೆ ಕರಗಿಸಿ ಎಲೆಯಿಂದ ತೀಡುವುದು ಕಡೆದ ಕಾಲಿಗೆ ಸಾಟಿಯಿಲ್ಲದ್ದು, ಆದರೆ ಲೇತಿನ ಮೇಲೆ ತಿರುಗದ ಕೆತ್ತನೆಗೆ ಅದು ಸಾಧ್ಯವಿಲ್ಲ. ಜೇನುಮೇಣ ಕೆತ್ತನೆಯ ಕುಳಿಗಳಲ್ಲಿ ಕೂತು ಧೂಳು ಹಿಡಿಯುತ್ತದೆ. ಉಳಿದದ್ದು ಚಪಡಾ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಹಚ್ಚುವ ಹಳೆಯ ಪಾಲಿಶ್. ದೊಡ್ಡ ಪೀಠೋಪಕರಣಕ್ಕೆ ಬಡಗಿಗಳು ಕಲಸುವ ದಪ್ಪ ಇಲ್ಲಿ ಬೇಡ. ನೂರು ಮಿಲಿಲೀಟರ್ ಸ್ಪಿರಿಟಿಗೆ ಹತ್ತು ಗ್ರಾಂ ಚಪಡಾ, ಅದಕ್ಕಿಂತ ಹೆಚ್ಚಾದರೆ ಉಗುರಿನ ಸಂದು ತುಂಬಿಹೋಗುತ್ತದೆ. ಮೆಲಮೈನ್, ಪಿಯು (ಪಾಲಿಯುರೆಥೇನ್) ಮೆರುಗುಗಳು ಗಾಜಿನ ಪದರ ಹೊದಿಸಿದಂತೆ ಮಾಡಿ ಉಳಿಯ ಗೆರೆಯನ್ನೆಲ್ಲ ನುಂಗುತ್ತವೆ. ಚಪಡಾದ ದೊಡ್ಡ ಶತ್ರು ತೇವ. ತುಮಕೂರಿನಲ್ಲಿ ಮಳೆ ಜೋರಾಗುವುದು ಗೊಂಬೆಹಬ್ಬ ಹತ್ತಿರವಾದಾಗಲೇ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ. ಅಂಥ ಸಂಜೆ ಹಚ್ಚಿದ ಪಾಲಿಶ್ ಬೆಳಗಾಗುವಷ್ಟರಲ್ಲಿ ಹಾಲುಬಿಳುಪಿನ ಮಬ್ಬಾಗಿರುತ್ತದೆ. ಹಾಗಾದಾಗ ಕೆರೆದು ತೆಗೆಯಬೇಕಾಗಿಲ್ಲ. ಬಿಸಿಲು ಬಂದ ಮಧ್ಯಾಹ್ನ ಬರೀ ಸ್ಪಿರಿಟಿನಲ್ಲಿ ಅದ್ದಿ ಹಿಂಡಿದ ಕುಂಚವನ್ನು ಒಮ್ಮೆ ಮೇಲೆ ಆಡಿಸಿದರೆ ಮಬ್ಬು ಕರಗಿ ಮರದ ಬಣ್ಣ ಹಿಂತಿರುಗುತ್ತದೆ.